ಲಿನಕ್ಸ್‌ನಲ್ಲಿ ಎಂಟು ಪೋರ್ಟ್‌ಗಳ ಸೀರಿಯಲ್ ಕಾರ್ಡನ್ನು ಹೊಂದಿಸುವ ಬಗೆ

ತೂಕದ ಯಂತ್ರ, ಬಾರ್‌ಕೋಡ್ ಸ್ಕ್ಯಾನರ್, ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಸಾಧನ) ಮೊದಲಾದವನ್ನು ಒಂದೇ ಕಂಪ್ಯೂಟರಿಗೆ ಜೋಡಿಸಬೇಕಾದಲ್ಲೆಲ್ಲ ಎಂಟು ಪೋರ್ಟ್‌ಗಳ ಪಿಸಿಐ ಎಕ್ಸ್‌ಪ್ರೆಸ್ ಸೀರಿಯಲ್ ಕಾರ್ಡ್ ಇಂದಿಗೂ ಉಪಯುಕ್ತವಾಗಿದೆ. ಕಾರ್ಡಿನ ಚಿಪ್ 16550 ಬಗೆಯ ಯುಎಆರ್‌ಟಿಗೆ (ಸೀರಿಯಲ್ ದತ್ತಾಂಶವನ್ನು ಕಳಿಸಿ ಪಡೆಯುವ ಚಿಪ್) ಹೊಂದುವಂಥದ್ದಾದರೆ ಸಾಮಾನ್ಯವಾಗಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಇರುವ 8250 ಡ್ರೈವರ್ ಸಾಕಾಗುತ್ತದೆ. ಆದ್ದರಿಂದ ತಯಾರಕರು ಕೊಟ್ಟ ಹಳೆಯ ಡ್ರೈವರನ್ನು ಕಂಪೈಲ್ ಮಾಡಲು ತೊಡಗುವ ಮುನ್ನ ‘ಎಲ್‌ಎಸ್‌ಪಿಸಿಐ -ಕೆ’ ಎಂಬ ಕಮಾಂಡ್ ಕೊಟ್ಟು, ಕಾರ್ಡಿನ ಸಾಲಿನ ಕೆಳಗೆ ಡ್ರೈವರ್ ಹೆಸರು ‘ಸೀರಿಯಲ್’ ಎಂದು ಬಂದಿದೆಯೇ ನೋಡಬೇಕು. ಪಿಸಿಐಗಿಂತ ಹಳೆಯದಾದ ಐಎಸ್‌ಎ ಕಾರ್ಡ್‌ಗಳ ಕಾಲದಲ್ಲಿ ಪ್ರತಿ ಪೋರ್ಟಿನ ವಿಳಾಸ ಮತ್ತು ಐಆರ್‌ಕ್ಯೂವನ್ನು (ಪ್ರೊಸೆಸರಿನ ಗಮನ ಸೆಳೆಯುವ ಸಂಕೇತದ ಸಂಖ್ಯೆ) ‘ಸೆಟ್‌ಸೀರಿಯಲ್’ ಕಮಾಂಡ್ ಮೂಲಕ ಕೈಯಾರೆ ತಿಳಿಸಬೇಕಾಗುತ್ತಿತ್ತು. ಪಿಸಿಐ ಕಾರ್ಡಿಗೆ ಅದರ ಅಗತ್ಯವಿಲ್ಲ.

ಡ್ರೈವರ್ ಸರಿಯಿದ್ದೂ ಎಂಟರಲ್ಲಿ ಎರಡು ಮೂರು ಪೋರ್ಟ್‌ಗಳಷ್ಟೇ ಕಾಣುವುದು ಇಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕು. ಜನ ಕಾರ್ಡನ್ನೇ ದೂರುತ್ತಾರೆ, ಆದರೆ ಕಾರಣ ಬಹುಮಟ್ಟಿಗೆ ಕರ್ನೆಲ್‌ನ ಮಿತಿಯಲ್ಲಿರುತ್ತದೆ: ಎಷ್ಟು ಪೋರ್ಟ್‌ಗಳಿಗೆ ಜಾಗ ಕಾದಿರಿಸಬೇಕೆಂಬುದು ಮೊದಲೇ ನಿಗದಿಯಾಗಿದ್ದು, ಹಲವು ವಿತರಣೆಗಳಲ್ಲಿ ಅದು 4 ಮಾತ್ರ. ‘ಡಿಮೆಸೆಗ್’ ಕಮಾಂಡ್ ತೋರಿಸುವ ಕರ್ನೆಲ್ ಸಂದೇಶಗಳಲ್ಲಿ ಸೀರಿಯಲ್ ಪೋರ್ಟನ್ನು ನೋಂದಾಯಿಸಲಾಗಲಿಲ್ಲ ಎಂಬ ಸಾಲಿನ ಕೊನೆಗೆ -28 ಎಂಬ ದೋಷಸಂಖ್ಯೆ ಇದ್ದರೆ ಜಾಗ ಮುಗಿದಿದೆ ಎಂದೇ ಅರ್ಥ. ಆಗ ಡೆಬಿಯನ್ ಅಥವಾ ಉಬುಂಟುವಿನಲ್ಲಿ ‘/ಇಟಿಸಿ/ಡಿಫಾಲ್ಟ್/ಗ್ರಬ್’ ಕಡತದ ಕರ್ನೆಲ್ ಸಾಲಿಗೆ ‘8250.ಎನ್‌ಆರ್_ಯುಎಆರ್‌ಟಿಎಸ್=16’ ಎಂದು ಸೇರಿಸಿ, ‘ಅಪ್‌ಡೇಟ್-ಗ್ರಬ್’ ನಡೆಸಿ, ಯಂತ್ರವನ್ನು ಮರುಪ್ರಾರಂಭಿಸಬೇಕು. ಮದರ್‌ಬೋರ್ಡಿನ ಹಳೆಯ ನಾಲ್ಕು ಪೋರ್ಟ್‌ಗಳ ಸ್ಥಾನಗಳೂ ಈ ಲೆಕ್ಕದಲ್ಲೇ ಬರುವುದರಿಂದ 8 ಎಂದು ಕೊಟ್ಟರೆ ಸಾಲದೆ ಹೋಗಬಹುದು.

ಪೋರ್ಟ್‌ಗಳೆಲ್ಲ ಕಂಡ ಮೇಲೆ, ಅವನ್ನು ಬಳಸುವವರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ. ಪ್ರೋಗ್ರಾಮನ್ನು ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಆಗಿ ಓಡಿಸುವುದು ಬೇಡ. ‘ಟಿಟಿವೈಎಸ್4’ ಎಂಬಂಥ ಪೋರ್ಟ್ ಹೆಸರುಗಳನ್ನು ಪ್ರೋಗ್ರಾಮಿನೊಳಗೆ ನೇರವಾಗಿ ಬರೆಯಬಾರದೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಇನ್ನೊಂದು ಕಾರ್ಡ್ ಸೇರಿದೊಡನೆ ಸಂಖ್ಯೆಗಳು ಅದಲುಬದಲಾಗಬಹುದು. ಬದಲಿಗೆ ಕಾರ್ಡಿನ ಪಿಸಿಐ ವಿಳಾಸ ಮತ್ತು ಪೋರ್ಟಿನ ವಿಳಾಸ ಎರಡನ್ನೂ ಹೋಲಿಸುವ ಯುಡೆವ್ (ಸಾಧನಗಳಿಗೆ ಹೆಸರು ಕೊಡುವ ಲಿನಕ್ಸ್ ವ್ಯವಸ್ಥೆ) ನಿಯಮ ಬರೆದು, ‘ತೂಕ1’ ಎಂಬಂತೆ ಕೆಲಸವನ್ನು ಸೂಚಿಸುವ ಹೆಸರಿನ ಕೊಂಡಿಯನ್ನು ಮಾಡಿಕೊಳ್ಳಿ. ಯಂತ್ರಾಂಶ ಬದಲಾದರೆ ಆ ವಿಳಾಸಗಳೂ ಬದಲಾಗಬಹುದು. ಆದರೆ ಆಗ ತಿದ್ದಬೇಕಾದದ್ದು ಆ ಒಂದು ಕಡತವನ್ನು ಮಾತ್ರ.

ಪರೀಕ್ಷೆಗೆ ಒಂಬತ್ತು ಪಿನ್‌ಗಳ ಕನೆಕ್ಟರಿನಲ್ಲಿ 2 ಮತ್ತು 3ನೆಯ ಪಿನ್‌ಗಳನ್ನು ತಂತಿಯಿಂದ ಕೂಡಿಸಿ. ‘ಎಸ್‌ಟಿಟಿವೈ’ ಕಮಾಂಡ್‌ನಿಂದ ಪೋರ್ಟಿನ ವೇಗವನ್ನು 9600ಕ್ಕೆ ಇಟ್ಟು, ‘ರಾ’ ಮತ್ತು ‘-ಎಕೋ’ ಆಯ್ಕೆಗಳನ್ನು ಮರೆಯದೆ ಕೊಡಿ. ಎಕೋ ಉಳಿದರೆ ಬಂದ ಅಕ್ಷರ ಮರಳಿ ಹೊರಹೋಗಿ ಕೊನೆಯಿಲ್ಲದೆ ಸುತ್ತುತ್ತದೆ. ಕಳಿಸಿದ ಅಕ್ಷರಗಳು ಹಾಗೆಯೇ ಹಿಂದಿರುಗಿದರೆ ಪೋರ್ಟ್ ಸರಿಯಿದೆ.

ಮುಂದೆ ಉಪಕರಣ ಜೋಡಿಸಿದಾಗ ಏನಾದರೂ ಕೆಟ್ಟರೆ ‘/ಪ್ರಾಕ್/ಟಿಟಿವೈ/ಡ್ರೈವರ್/ಸೀರಿಯಲ್’ ಕಡತವನ್ನು ರೂಟ್ ಆಗಿ ಓದಿ. ಅಲ್ಲಿ ‘ಎಫ್‌ಇ’ (ಫ್ರೇಮಿಂಗ್ ದೋಷಗಳ ಎಣಿಕೆ) ಏರುತ್ತಿದ್ದರೆ ಎರಡು ಬದಿಯ ವೇಗ ಅಥವಾ ಬಿಟ್‌ಗಳ ಹೊಂದಿಕೆ ತಪ್ಪಿರುವ ಸಂಭವ ಹೆಚ್ಚು. ‘ಓಇ’ (ಓವರ್‌ರನ್ ದೋಷಗಳ ಎಣಿಕೆ) ಏರುತ್ತಿದ್ದರೆ ಚಿಪ್‌ನ ಬಫರ್ ತುಂಬುವ ಮೊದಲು ಕರ್ನೆಲ್ ಅದನ್ನು ಖಾಲಿ ಮಾಡುತ್ತಿಲ್ಲ. 16 ಬೈಟ್‌ಗಳ ಬಫರ್ ಇರುವ 16550ಎ ಚಿಪ್‌ನಲ್ಲಿ ಹೀಗಾದರೆ ವೇಗ ತಗ್ಗಿಸಬೇಕು.