ಪೇನ್ಸ್‌ವಿಕ್‌ನ ಸವೆದ ಗೋರಿಬರಹ ಓದುವ ಬಗೆ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿರುವ ಪೇನ್ಸ್‌ವಿಕ್‌ನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ, ಒಪ್ಪವಾಗಿ ಕತ್ತರಿಸಿದ ಯೂ ಮರಗಳ ನಡುವೆ 17, 18ನೇ ಶತಮಾನದ ಪೆಟ್ಟಿಗೆಯಂಥ ಕಲ್ಲುಗೋರಿಗಳಿವೆ. ಎಲ್ಲ ಕಾಟ್ಸ್‌ವಲ್ಡ್ ಸುಣ್ಣಕಲ್ಲು. ಕೆತ್ತುವವನಿಗೆ ಸುಲಭ, ಮಳೆಗೂ ಅಷ್ಟೇ ಸುಲಭ. ಅಕ್ಷರ ಮಾಸಿದೆಯೆಂದು ಉಜ್ಜಬೇಡಿ. ಬೇಕಾದದ್ದು ಓರೆ ಬೆಳಕು.

ಗೋರಿಗಳ ಉದ್ದ ಬದಿ ಸಾಮಾನ್ಯವಾಗಿ ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಿರುತ್ತದೆ. ಜೂನ್‌ನಲ್ಲಾದರೆ ದಕ್ಷಿಣದ ಹಲಗೆಗಲ್ಲನ್ನು ಬೆಳಗ್ಗೆ ಒಂಬತ್ತರ ಸುಮಾರಿಗೆ ನೋಡಿ: ಬಿಸಿಲು ಕಲ್ಲನ್ನು ಸವರಿಕೊಂಡು ಹೋಗುವಾಗ ಅಕ್ಷರದ ಗುಳಿಯಲ್ಲಿ ನೆರಳು ನಿಲ್ಲುತ್ತದೆ. ಪೂರ್ವ, ಪಶ್ಚಿಮದ ತುದಿಗಲ್ಲುಗಳಿಗೆ ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ ಒಂದರ ಹೊತ್ತು. ಉತ್ತರದ ಬದಿಗೆ ಹಗಲಿನ ಬಹುಪಾಲು ಬಿಸಿಲೇ ಬೀಳದು. ಒಂದಡಿ ಅಗಲ, ಒಂದೂವರೆ ಅಡಿ ಉದ್ದದ ಕನ್ನಡಿ ಹಿಡಿದು ಒಬ್ಬರು ಬಿಸಿಲಲ್ಲಿ ನಿಂತು, ಬೆಳಕನ್ನು ಪಕ್ಕದಿಂದ ಹಾಯಿಸಲಿ. ಮೋಡವಿದ್ದರೆ ಕಪ್ಪು ಬಟ್ಟೆಯ ಮರೆಯಲ್ಲಿ ಟಾರ್ಚ್. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು ಒಂದೊಂದು ಫೋಟೊ ತೆಗೆಯಿರಿ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ.

ಹುಣಸೆ, ನಿಂಬೆ, ವಿನೆಗರ್ ಹತ್ತಿರವೂ ತರಬೇಡಿ. ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ಶೇವಿಂಗ್ ಫೋಮ್, ತಂತಿ ಬ್ರಷ್ ಕೂಡ ಬೇಡ. ನಮ್ಮ ಕಣಶಿಲೆಯ ಶಾಸನಕ್ಕೆ ಒದ್ದೆ ಕಾಗದ ಹಚ್ಚಿ ಬಡಿದು ಅಚ್ಚು ತೆಗೆದಂತೆ ಇಲ್ಲಿ ಬಡಿದರೆ ಹಕ್ಕಳೆಯೆದ್ದ ಪದರು ಅಕ್ಷರಸಮೇತ ಉದುರುತ್ತದೆ. ಬೂದು, ಕಿತ್ತಳೆ ಬಣ್ಣದ ಕಲ್ಲುಹೂವನ್ನೂ ಕೆರೆಯಬೇಡಿ. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ನೆಂಟನೇ ಅದು, ಬೆಳೆಯುವುದು ಬಲು ನಿಧಾನ.

ಮುಚ್ಚಳದ ಮೇಲೆ ಕೂರಬೇಡಿ, ಒರಗಬೇಡಿ. ಹೆಣ ಇರುವುದು ನೆಲದಡಿ. ಮೇಲಿನ ಪೆಟ್ಟಿಗೆ ಹಲವೆಡೆ ಟೊಳ್ಳು. ಹಲಗೆಗಲ್ಲುಗಳನ್ನು ಬಿಗಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿದಾಗ ಮೂಲೆ ಸೀಳಿ, ಬದಿ ಹೊರಕ್ಕೆ ಬಾಗುತ್ತದೆ. ಮೇಲೆ ನೂರಾರು ಕಿಲೋ ಭಾರದ ಚಪ್ಪಡಿ ಇದೆ. ಮೂಲೆಯಲ್ಲಿ ತುಕ್ಕಿನ ಕಲೆ, ಹೊಸ ಬಿರುಕು ಕಂಡರೆ ದೂರದಿಂದಲೇ ಓದಿ, ಚರ್ಚಿನವರಿಗೆ ತಿಳಿಸಿ.

ಓದುವಾಗ ಎಡವುವುದು ಹೆಚ್ಚಾಗಿ ಅಂಕಿಗಳಲ್ಲಿ. 1 ಮತ್ತು 7, 3 ಮತ್ತು 8 ಸವೆದರೆ ಒಂದೇ ರೀತಿ ಕಾಣುತ್ತವೆ. ಪದದ ನಡುವೆ ‘ಎಫ್’ನಂತೆ ಕಾಣುವುದು ಹಳೆಯ ಉದ್ದನೆಯ ‘ಎಸ್’ ಇರಬಹುದು. ‘ರೆಲಿಕ್ಟ್’ ಎಂದರೆ ವಿಧವೆ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ 1720ರ ಫೆಬ್ರವರಿ ಎಂದು ಕೆತ್ತಿದ್ದರೆ ನಮ್ಮ ಲೆಕ್ಕಕ್ಕೆ ಅದು 1721. ಕೆಲವು ಕಡೆ 1720/1 ಎಂದು ಎರಡನ್ನೂ ಕೆತ್ತಿರುತ್ತಾರೆ. ಕಂಡಷ್ಟನ್ನೇ ಸಾಲುಸಾಲಾಗಿ ಬರೆದುಕೊಳ್ಳಿ, ಊಹಿಸಿದ ಅಕ್ಷರವನ್ನು ಚೌಕ ಕಂಸದಲ್ಲಿಡಿ, ಆಮೇಲೆ ಚರ್ಚಿನ ಶವಸಂಸ್ಕಾರದ ವಹಿಯೊಂದಿಗೆ ತಾಳೆ ನೋಡಿ.