ಹೊಸೂರಿನ ಸಣ್ಣ ಪ್ರೆಸ್ ಶಾಪ್‌ಗಳಲ್ಲಿ ಬೆರಳು ಉಳಿಸುವುದು ಹೇಗೆ

ಸುರಕ್ಷತೆ ಎಂದ ಕೂಡಲೇ ನಮ್ಮ ಮಾಲೀಕರು ಬೀರು ತೆರೆದು ಫೈಲ್ ತೆಗೆಯುತ್ತಾರೆ. ಲೈಸೆನ್ಸ್, ಅನುಮೋದಿತ ನಕ್ಷೆ, ಅಗ್ನಿಶಾಮಕದ ಕಾಗದ, ಹಾಜರಿ ಪುಸ್ತಕ ಎಲ್ಲವೂ ಒಪ್ಪವಾಗಿ ಇರುತ್ತವೆ. ಅವು ಬೇಕು, ಬೇಡವೆನ್ನುವುದಿಲ್ಲ. ಆದರೆ ಬೆರಳು ಹೋಗುವುದು ತಗಡು ಹೊಡೆಯುವ ಪ್ರೆಸ್‌ನ ಡೈ (ಕೆಳಗಿನ ಅಚ್ಚು) ಮತ್ತು ಪಂಚ್ (ಮೇಲಿನಿಂದ ಇಳಿದು ಹೊಡೆಯುವ ಭಾಗ) ನಡುವೆ. ಆದ್ದರಿಂದ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಕಾಗದಪತ್ರದ ಮಾತು ಆಮೇಲೆ.

ನಾನು ದೇಂಕಣಿಕೋಟೆ ತಾಲೂಕಿನವನು, ಮನೆಮಾತು ಕನ್ನಡ, ವೃತ್ತಿಯಲ್ಲಿ ಟೂಲ್ ಮೇಕರ್. ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶವಾದ ಹೊಸೂರು ಸಿಪ್ಕಾಟ್‌ನ ದೊಡ್ಡ ವಾಹನ ಕಂಪನಿಗಳಿಗೆ ಬ್ರಾಕೆಟ್, ವಾಷರ್, ಕ್ಲಿಪ್ ಹೊಡೆದುಕೊಡುವ ಸಣ್ಣ ಶೆಡ್‌ಗಳಿಗೆ ಡೈ ಮಾಡಿಕೊಡುವುದು ನನ್ನ ಕೆಲಸ. ಹತ್ತರಿಂದ ಮೂವತ್ತು ಜನ, ನಾಲ್ಕೈದು ಪ್ರೆಸ್, ಒಂದು ಗ್ರೈಂಡರ್, ಒಂದು ಡ್ರಿಲ್ಲಿಂಗ್ ಮೆಷಿನ್ ಇರುವ ಶೆಡ್ಡುಗಳು. ಅಂಥ ಕಡೆಯ ಮಾಲೀಕರಿಗೂ ಸೂಪರ್‌ವೈಸರ್‌ಗಳಿಗೂ ಇದು.

ಮೊದಲು ನಿಮ್ಮ ಪ್ರೆಸ್ ಯಾವ ಜಾತಿಯದೆಂದು ನೋಡಿ

ನಮ್ಮ ಕಡೆ ಹಳೆಯ ಸಿ ಫ್ರೇಮ್ ಪ್ರೆಸ್‌ಗಳಲ್ಲಿ ಹೆಚ್ಚಿನವು ಕೀ ಕ್ಲಚ್‌ನವು. ಪೆಡಲ್ ಒತ್ತಿದರೆ ತಡೆ ಸರಿಯುತ್ತದೆ, ಸ್ಪ್ರಿಂಗ್ ಎಳೆತಕ್ಕೆ ಕೀ ಎಂಬ ಉಕ್ಕಿನ ತುಂಡು ತಿರುಗಿ ಫ್ಲೈವೀಲ್‌ನ (ಸುತ್ತುವ ಭಾರದ ಗಾಲಿ) ಕಚ್ಚಿನಲ್ಲಿ ಕೂರುತ್ತದೆ, ಕ್ರ್ಯಾಂಕ್ ಅದರ ಜೊತೆ ಸುತ್ತುತ್ತದೆ. ಒಮ್ಮೆ ಕೂತಿತೆಂದರೆ ಒಂದು ಸುತ್ತು ಮುಗಿಯುವ ತನಕ ಬಿಡಿಸುವ ದಾರಿಯೇ ಇಲ್ಲ. ಮೇನ್ ಸ್ವಿಚ್ ಆರಿಸಿದರೂ ಫ್ಲೈವೀಲ್‌ನ ವೇಗ ರ‍್ಯಾಮನ್ನು, ಅಂದರೆ ಪಂಚ್ ಹಿಡಿದು ಮೇಲೆ ಕೆಳಗೆ ಆಡುವ ಭಾಗವನ್ನು, ಕೆಳಗೆ ತಂದೇ ತರುತ್ತದೆ. ಗಾಳಿಯ ಒತ್ತಡದಿಂದ ನಡೆಯುವ ನ್ಯೂಮ್ಯಾಟಿಕ್ ಕ್ಲಚ್ ಇರುವ ಪ್ರೆಸ್ ಹಾಗಲ್ಲ. ಅದನ್ನು ಅರ್ಧ ದಾರಿಯಲ್ಲೇ ನಿಲ್ಲಿಸಬಹುದು.

ಈ ವ್ಯತ್ಯಾಸ ತಿಳಿಯದವರು ದುಡ್ಡು ಸುರಿದು ಕೀ ಕ್ಲಚ್ ಪ್ರೆಸ್ಸಿಗೆ ಲೈಟ್ ಕರ್ಟನ್ (ಡೈ ಮುಂದಿನ ಬೆಳಕಿನ ಕಿರಣಗಳ ಪರದೆ) ಹಾಕಿಸುತ್ತಾರೆ. ಕೈ ಅಡ್ಡ ಬಂದರೆ ಸೆನ್ಸರ್ ಸಿಗ್ನಲ್ ಕೊಡುತ್ತದೆ ನಿಜ, ಕೊಟ್ಟ ಸಿಗ್ನಲ್ ಕೇಳುವವರು ಯಾರು? ಕೀ ಆಗಲೇ ಕೂತಾಗಿದೆ. ಕೆಂಪು ದೀಪ ಉರಿಯುತ್ತಿರುವಾಗಲೇ ರ‍್ಯಾಮ್ ಇಳಿಯುತ್ತದೆ. ಸೆನ್ಸರ್ ಇದೆಯೆಂಬ ಧೈರ್ಯಕ್ಕೆ ಆಪರೇಟರ್ ಮೊದಲಿಗಿಂತ ಒಳಗೆ ಕೈ ಹಾಕುವುದು ಬೇರೆ. ಲೈಟ್ ಕರ್ಟನ್ ಏನಿದ್ದರೂ ನ್ಯೂಮ್ಯಾಟಿಕ್ ಕ್ಲಚ್ ಪ್ರೆಸ್ಸಿಗೆ. ಎರಡು ಕೈ ಬಟನ್ನಿನ ಕಥೆಯೂ ಅರ್ಧಂಬರ್ಧ: ಕೀ ಕ್ಲಚ್ ಪ್ರೆಸ್ ನಿಧಾನದ್ದಾದರೆ, ಬಟನ್ ಒತ್ತಿ ಬಿಟ್ಟ ಕೈ ರ‍್ಯಾಮ್ ಇಳಿಯುವುದರೊಳಗೆ ಡೈ ತಲುಪಿಬಿಡಬಹುದು. ಬಟನ್‌ಗಳನ್ನು ಡೈಯಿಂದ ಸಾಕಷ್ಟು ದೂರ ಇಡಬೇಕು. ಒಂದು ಬಟನ್ನಿಗೆ ಟೇಪ್ ಸುತ್ತಿ ಒತ್ತಿಯೇ ಇಟ್ಟಿದ್ದಾರೆಯೇ ಎಂದು ದಿನವೂ ನೋಡಬೇಕು. ಸುತ್ತುವವರು ಇದ್ದಾರೆ.

ಕೀ ಕ್ಲಚ್‌ಗೆ ನಂಬಬಹುದಾದದ್ದು ಒಂದೇ, ಡೈ ಸುತ್ತ ಬೋಲ್ಟ್ ಹಾಕಿ ಕೂರಿಸಿದ ಗಾರ್ಡ್. ತಗಡಿನ ಪಟ್ಟಿ ಒಳಗೆ ಹೋಗಲು ಮುಂದೆ ಒಂದು ಸಂದಿ, ಪೀಸ್ ಹೊರಬರಲು ಹಿಂದೆ ಒಂದು ದಾರಿ. ಡೈಗೆ ಹತ್ತಿರವಿರುವ ಸಂದಿ ಆರು ಮಿಲಿಮೀಟರ್ ಮೀರದಿದ್ದರೆ ಬೆರಳು ಒಳಗೆ ಹೋಗುವುದಿಲ್ಲ. ಒಳಗೆ ಏನಾಗುತ್ತಿದೆಯೆಂದು ಕಾಣದಿದ್ದರೆ ಆಪರೇಟರ್ ಅದನ್ನು ಬಿಚ್ಚುವುದು ಖಂಡಿತ. ಹಾಗಾಗಿ ತಗಡು ಬೇಡ, ಸರಳು ಅಥವಾ ಪಾಲಿಕಾರ್ಬೊನೇಟ್ ಹಾಕಿ. ಡೈ ಆರ್ಡರ್ ಕೊಡುವಾಗಲೇ ಗಾರ್ಡನ್ನೂ ಕೇಳಿ. ನಾನು ಈಗ ಗಾರ್ಡ್ ಇಲ್ಲದ ಡೈಗೆ ಕೊಟೇಶನ್ ಕೊಡುವುದಿಲ್ಲ. ಇದರಿಂದ ಒಂದಿಬ್ಬರು ಗಿರಾಕಿಗಳು ಬೇರೆ ಕಡೆ ಹೋದರು, ಹೋಗಲಿ.

ಬಿಡಿ ಪೀಸುಗಳನ್ನು ಒಂದೊಂದಾಗಿ ಕೈಯಿಂದಲೇ ಇಡಬೇಕಾದ ಕೆಲಸಕ್ಕೆ ಇಂಥ ಗಾರ್ಡ್ ಹೊಂದುವುದಿಲ್ಲ. ಅಲ್ಲಿ ಜಾರುವ ಟ್ರೇ ಮಾಡಿಸಿ, ಪೀಸನ್ನು ಹೊರಗಡೆಯೇ ಟ್ರೇಯಲ್ಲಿಟ್ಟು ಒಳಗೆ ತಳ್ಳುವಂತಿರಬೇಕು. ಅದೂ ಆಗದಿದ್ದರೆ ಅಲ್ಯೂಮಿನಿಯಂ ಇಕ್ಕಳ ಅಥವಾ ಅಯಸ್ಕಾಂತದ ಕಡ್ಡಿ. ಕಬ್ಬಿಣದ ಇಕ್ಕಳ ಕೊಟ್ಟರೆ ಡೈ ಒಡೆದೀತೆಂದು ಆಪರೇಟರ್ ಅದನ್ನು ಬದಿಗಿಟ್ಟು ಕೈಯನ್ನೇ ಹಾಕುತ್ತಾನೆ.

ಡಬಲ್ ಸ್ಟ್ರೋಕ್

ಒಂದು ಸಲ ಪೆಡಲ್ ಒತ್ತಿದ್ದಕ್ಕೆ ರ‍್ಯಾಮ್ ಎರಡು ಸಲ ಇಳಿದರೆ ಅದು ಡಬಲ್ ಸ್ಟ್ರೋಕ್. ಮೊದಲ ಹೊಡೆತ ಮುಗಿಯಿತೆಂದು ಪೀಸ್ ತೆಗೆಯಲು ಕೈ ಹೋಗಿರುತ್ತದೆ. ಕಾರಣಗಳು ಗೊತ್ತಿದ್ದವೇ: ಕೀ ಅಂಚು ಸವೆದಿರುವುದು, ಸ್ಪ್ರಿಂಗ್ ಸೋತಿರುವುದು ಅಥವಾ ಮುರಿದಿರುವುದು, ಕ್ರ್ಯಾಂಕ್ ತುದಿಯ ಬ್ರೇಕ್ ಸಡಿಲವಾಗಿರುವುದು, ಬ್ರೇಕ್ ಲೈನರ್ ಮೇಲೆ ಎಣ್ಣೆ ಬಿದ್ದಿರುವುದು. ಒಳ್ಳೆಯ ಪ್ರೆಸ್‌ನಲ್ಲಿ ರ‍್ಯಾಮ್ ಮೇಲಿನ ತುದಿಗೆ ಬಂದು ನಿಲ್ಲುತ್ತದೆ. ತುದಿ ದಾಟಿ ಬೆರಳಗಲ ಇಳಿದು ನಿಂತರೆ ಬ್ರೇಕ್ ಹೇಳುತ್ತಿರುವುದನ್ನು ಕೇಳಿಸಿಕೊಳ್ಳಿ.

ಪ್ರತಿ ಶಿಫ್ಟ್ ಶುರುವಾಗುವ ಮುನ್ನ ಡೈಯಲ್ಲಿ ಏನೂ ಇಡದೆ, ಕೈ ಹಿಂದಕ್ಕೆ ಇಟ್ಟು, ಹತ್ತು ಹೊಡೆತ ಹೊಡೆಸಿ. ಪೆಡಲ್ ಒತ್ತಿ ಹಿಡಿದೇ ಇದ್ದು ನೋಡಿ, ಸಿಂಗಲ್ ಸ್ಟ್ರೋಕ್ ವ್ಯವಸ್ಥೆ ಸರಿಯಿದ್ದರೆ ಒಂದೇ ಹೊಡೆತಕ್ಕೆ ನಿಲ್ಲಬೇಕು. ಒಂದು ಸಲ ತಪ್ಪಿದರೂ ಆ ಪ್ರೆಸ್ ಆ ದಿನ ನಿಂತಿತೆಂದೇ ಲೆಕ್ಕ. "ಸಂಜೆಯ ಲೋಡ್ ಹೋಗಲಿ, ಆಮೇಲೆ ನೋಡೋಣ" ಎಂಬ ಮಾತನ್ನು ತಿಂಗಳ ಕೊನೆಯ ವಾರದಲ್ಲಿ ಎಲ್ಲ ಶೆಡ್ಡುಗಳಲ್ಲೂ ಕೇಳಿದ್ದೇನೆ. ಆಗಲೇ ಮಾಲೀಕರು ಶೆಡ್ಡಿನೊಳಗೆ ಇರಬೇಕು, ಏಕೆಂದರೆ ಪ್ರೆಸ್ ನಿಲ್ಲಿಸುವ ಧೈರ್ಯ ಸೂಪರ್‌ವೈಸರ್‌ಗೆ ಸಂಬಳದಿಂದ ಬರುವುದಿಲ್ಲ.

ಪೆಡಲ್ ಮೇಲೆ ಮುಚ್ಚಳ ಇರಲಿ, ಬಿದ್ದ ಪೀಸೋ ಜಾರಿದ ಕಾಲೋ ಅದನ್ನು ಒತ್ತಬಾರದು. ನೆಲದ ಎಣ್ಣೆಯನ್ನು ಮರದ ಹೊಟ್ಟು ಹಾಕಿ ಆಗಾಗ ಗುಡಿಸಿಸಿ.

ಡೈ ಬದಲಿಸುವಾಗ

ಉತ್ಪಾದನೆ ನಡೆಯುವಾಗಿನಷ್ಟೇ ಅಪಾಯ ಡೈ ಕಟ್ಟುವಾಗಲೂ ಇದೆ, ಇಲ್ಲಿ ಸಿಕ್ಕಿಕೊಳ್ಳುವುದು ಅನುಭವಸ್ಥರ ಕೈ. ಕ್ರಮ ಹೀಗಿರಲಿ. ಮೇನ್ ಆರಿಸಿ ಬೀಗ ಹಾಕಿ, ಬೀಗದ ಕೈ ಡೈ ಕಟ್ಟುವವನ ಜೇಬಿನಲ್ಲೇ ಇರಲಿ. ಫ್ಲೈವೀಲ್ ಪೂರ್ತಿ ನಿಲ್ಲುವ ತನಕ ಕಾಯಿರಿ. ಭಾರದ ಗಾಲಿ, ಸ್ವಿಚ್ ಆರಿದ ಮೇಲೂ ಬಹಳ ಹೊತ್ತು ಸುತ್ತುತ್ತಿರುತ್ತದೆ, ಮತ್ತು ಅದರಲ್ಲಿ ಒಂದು ಹೊಡೆತಕ್ಕೆ ಸಾಕಾಗುವಷ್ಟು ಶಕ್ತಿ ಉಳಿದಿರುತ್ತದೆ. ರ‍್ಯಾಮ್ ಕೆಳಗೆ ಕಬ್ಬಿಣದ ಬ್ಲಾಕ್ ಇಡಿ. ಕ್ರ್ಯಾಂಕನ್ನು ಕೈಯಿಂದ ತಿರುಗಿಸಲು ಹಾಕಿದ ಸರಳನ್ನು ತೆಗೆದ ಮೇಲಷ್ಟೇ ಬೀಗ ತೆಗೆಯಿರಿ. ಬ್ಲಾಕ್ ಮರೆತು ಮೋಟಾರ್ ಹಾಕುವವರಿರುತ್ತಾರೆ ಎಂದು ನಾನು ಬ್ಲಾಕನ್ನೂ ಮೋಟಾರಿನ ಪ್ಲಗ್ಗನ್ನೂ ಒಂದೇ ಗಿಡ್ಡ ಸರಪಳಿಗೆ ಕಟ್ಟಿಸುತ್ತೇನೆ. ಪ್ಲಗ್ ಕಿತ್ತರೆ ಮಾತ್ರ ಬ್ಲಾಕ್ ಡೈ ತಲುಪುತ್ತದೆ, ಬ್ಲಾಕ್ ಹೊರಗೆ ಬಂದರೆ ಮಾತ್ರ ಪ್ಲಗ್ ಗೋಡೆ ತಲುಪುತ್ತದೆ.

ಆಯುಧ ಪೂಜೆಯ ಮಾರನೆಯ ವಾರ ಒಂದು ಸುತ್ತು ಹೊಡೆಯಿರಿ. ಹಬ್ಬದ ಮುಂಚೆ ಮೆಷಿನ್ ತೊಳೆದು ಬಣ್ಣ ಬಳಿಯಲು ಗಾರ್ಡು, ಬೆಲ್ಟಿನ ಕವರು ಎಲ್ಲ ಬಿಚ್ಚುತ್ತಾರೆ. ಪೂಜೆಯಾಗಿ, ಕುಂಕುಮ ಒಣಗಿ, ಬಾಳೆಕಂದು ಬಾಡಿದರೂ ಕವರುಗಳು ಕಾಂಪೌಂಡ್ ಗೋಡೆಗೆ ಒರಗಿಕೊಂಡೇ ಇರುತ್ತವೆ. ಫ್ಲೈವೀಲ್‌ಗೆ ಕಟ್ಟಿದ ಹಾರವನ್ನು ಮೆಷಿನ್ ಹಾಕುವ ಮುಂಚೆ ಬಿಚ್ಚಿಸಿ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹೇಳಿಕೊಡುವುದು

ಒಂದೇ ಶೆಡ್ಡಿನಲ್ಲಿ ತಳಿ ಕಡೆಯ ಕನ್ನಡದವರು, ಬೇರಿಗೆ ಕಡೆಯ ತೆಲುಗಿನವರು, ಕೃಷ್ಣಗಿರಿಯ ತಮಿಳಿನವರು, ಒಡಿಶಾ ಮತ್ತು ಬಿಹಾರದ ಹುಡುಗರು ಇರುತ್ತಾರೆ. ಕಾರ್ಖಾನೆಯಲ್ಲಿ ಹಾಕುವ ಸೂಚನೆಗಳು ಇಂಗ್ಲಿಷ್‌ನಲ್ಲಿಯೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮು ಹೇಳುತ್ತಿತ್ತು. ಹೆಚ್ಚಿನವರು ಒಡಿಯಾದವರಾದರೆ ಒಡಿಯಾದಲ್ಲಿ ಬರೆಸಿ. ಅವರಲ್ಲೇ ಒಬ್ಬನಿಂದ ಬರೆಸಿದರೆ ಮುದ್ರಿಸಿದ ಬೋರ್ಡಿಗಿಂತ ಹೆಚ್ಚು ಓದುತ್ತಾರೆ. "ಅರ್ಥವಾಯಿತಾ?" ಎಂದು ಕೇಳಬೇಡಿ, ಎಲ್ಲರೂ ತಲೆಯಾಡಿಸುತ್ತಾರೆ. "ಪೀಸ್ ಡೈಯಲ್ಲಿ ಸಿಕ್ಕಿಕೊಂಡಿದೆ, ಏನು ಮಾಡುತ್ತೀಯ, ಮಾಡಿ ತೋರಿಸು" ಎನ್ನಿ. ಮೊದಲು ಕೈ ಸ್ವಿಚ್ಚಿಗೆ ಹೋಯಿತೋ ಡೈಗೆ ಹೋಯಿತೋ ನೋಡಿದರೆ ಸಾಕು.

ಬಟ್ಟೆ ಬಿಗಿಯಾಗಿರಲಿ. ದುಪ್ಪಟ್ಟ, ಇಳಿಬಿಟ್ಟ ಜಡೆ, ಲುಂಗಿ ಇವು ತಿರುಗುವ ಮೆಷಿನ್ ಹತ್ತಿರ ಬೇಡ. ಡ್ರಿಲ್ಲಿಂಗ್ ಮೆಷಿನ್‌ನಲ್ಲಿ ಕೈಗವಸು ಹಾಕಿಸಬೇಡಿ, ಬಿಟ್ ಗವಸಿನ ಸಮೇತ ಕೈ ಎಳೆಯುತ್ತದೆ. ಗ್ರೈಂಡಿಂಗ್ ವೀಲ್ ಹತ್ತಿರ ಅದರ ಸುರಕ್ಷಿತ ವೇಗ ಬರೆದ ಫಲಕ ಇರಬೇಕು, ಕಣ್ಣಿಗೆ ಕನ್ನಡಕ ಬೇಕು. ಶಬ್ದ ಎಂಟು ಗಂಟೆಗೆ 90 ಡೆಸಿಬೆಲ್ ಮೀರಿದರೆ ಕಿವಿಗೆ ಪ್ಲಗ್ ಕೊಡಿ. ಪಕ್ಕದವನೊಡನೆ ಕೂಗಿ ಮಾತಾಡಬೇಕಾದರೆ ಅಳತೆ ಮಾಡಿಸುವ ಹೊತ್ತು ಬಂದಿದೆ. ಒಬ್ಬನನ್ನೇ ಇಡೀ ಶಿಫ್ಟ್ ಒಂದೇ ಪ್ರೆಸ್ಸಿಗೆ ಕೂರಿಸಬೇಡಿ, ಎರಡು ಗಂಟೆಗೊಮ್ಮೆ ಬದಲಿಸಿ.

ಕೈ ಹೋದಾಗ

ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿಸಿ. ತುಂಡಾದ ಬೆರಳನ್ನು ಹುಡುಕಿಸಿ, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿ ಇಡಿ. ಬೆರಳನ್ನು ನೇರವಾಗಿ ಐಸ್ ಮೇಲೆ ಇಟ್ಟರೆ ಜೋಡಿಸಲಾಗದಷ್ಟು ಹಾಳಾಗುತ್ತದೆ. ಬೆರಳು ಜೋಡಿಸುವ ಶಸ್ತ್ರಚಿಕಿತ್ಸೆ ಎಲ್ಲ ಆಸ್ಪತ್ರೆಯಲ್ಲೂ ಆಗುವುದಿಲ್ಲ. ಹೊಸೂರಿನಲ್ಲೋ ಬೆಂಗಳೂರಿನಲ್ಲೋ ಎಲ್ಲಿ ಆಗುತ್ತದೆಂದು ಇವತ್ತೇ ವಿಚಾರಿಸಿ, ನಂಬರನ್ನು ಗೋಡೆಯ ಮೇಲೆ ಆಂಬ್ಯುಲೆನ್ಸ್‌ನ 108ರ ಪಕ್ಕದಲ್ಲಿ ಬರೆಸಿ. ಅತ್ತಿಬೆಲೆ ಗಡಿಯ ವಾಹನದಟ್ಟಣೆಯಲ್ಲಿ ನಿಂತು ಆಸ್ಪತ್ರೆ ಹುಡುಕುವಂತಾಗಬಾರದು.

ಇನ್ನು ಕಾಗದ. ಮೆಷಿನ್‌ಗೆ ಬೇಲಿ ಹಾಕಬೇಕೆನ್ನುವ 21ನೇ ಕಲಮು 1948ರ ಹಳೆಯ ಕಾಯ್ದೆಯದು. ಅದರಲ್ಲಿ ವಿದ್ಯುತ್ ಬಳಸುವ ಕಡೆ 10 ಜನ ಇದ್ದರೆ ಕಾರ್ಖಾನೆ ಎನಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಈ ಸಂಖ್ಯೆ 20 ಆಗಿದೆ. ಇದನ್ನು ಕೇಳಿ ಹದಿನೈದು ಜನರ ಶೆಡ್ಡಿನ ಕೆಲವರು ಹಗುರಾದಂತೆ ಮಾತಾಡುವುದು ನನ್ನ ಕಿವಿಗೂ ಬಿದ್ದಿದೆ. ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಈಗಲೂ 10 ಜನರೇ ಸಾಕು ಎಂಬುದನ್ನು ಅವರಿಗೆ ಯಾರಾದರೂ ನೆನಪಿಸಬೇಕು. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕೆಂಬುದು ಹೊಸ ಸಂಹಿತೆಯ ಒಳ್ಳೆಯ ಮಾತು. ಕೆಲಸಕ್ಕೆ ಸೇರಿದ ದಿನವೇ ಪತ್ರ ಕೊಟ್ಟು ಅದೇ ದಿನ ಇಎಸ್‌ಐ ನೋಂದಣಿ ಮಾಡಿಸಿ. ಕಾಂಟ್ರಾಕ್ಟರ್ ಕಳಿಸಿದ ಹುಡುಗನಾದರೂ ಇಎಸ್‌ಐ ವಂತಿಗೆಯ ಹೊಣೆ ಕೊನೆಗೆ ನಿಮ್ಮದೇ.

ಅಪಘಾತದಿಂದ 48 ಗಂಟೆ ಅಥವಾ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದಿದ್ದರೆ ಕೈಗಾರಿಕಾ ಸುರಕ್ಷತೆಯ ಇಲಾಖೆಗೆ ತಿಳಿಸಲೇಬೇಕು, ಹಳೆಯ ಕಾಯ್ದೆಯಲ್ಲೂ ಹೊಸದರಲ್ಲೂ ಇದು ಒಂದೇ. ಖಾಸಗಿ ಕ್ಲಿನಿಕ್‌ಗೆ ಕರೆದೊಯ್ದು "ಮನೆಯಲ್ಲಿ ಬಿದ್ದ" ಎಂದು ಬರೆಸುವ ಜಾಣತನ ನಮ್ಮ ಕಡೆ ಇದೆ. ಅದರಿಂದ ಆ ಹುಡುಗನಿಗೆ ಸಿಗಬೇಕಾದ ಶೇಕಡ 90 ವೇತನವೂ, ಬೆರಳು ಹೋದದ್ದಕ್ಕೆ ಬರಬೇಕಾದ ತಿಂಗಳ ಪಿಂಚಣಿಯೂ ಹೋಗುತ್ತವೆ. ಇಎಸ್‌ಐ ಕೊಡಬೇಕಾದ್ದನ್ನು ಆಮೇಲೆ ಮಾಲೀಕರ ಜೇಬಿನಿಂದ ಕೇಳಲು ವಕೀಲರು ಬರುತ್ತಾರೆ.

ಕೊನೆಯದಾಗಿ, ಹಳೆಯ ಪ್ರೆಸ್ ಕೊಳ್ಳುವವರಿಗೆ. ಮುಂಗಡ ಕೊಡುವ ಮುಂಚೆ ಮೋಟಾರ್ ಹಾಕಿಸಿ ಮೇಲೆ ಹೇಳಿದ ಹತ್ತು ಹೊಡೆತ ನೋಡಿ. ಕ್ಲಚ್ ಬಿಚ್ಚಿಸಿ ಕೀ ಅಂಚನ್ನು ಉಗುರಿನಿಂದ ಮುಟ್ಟಿ, ಚೂಪಾಗಿದ್ದರೆ ಸರಿ, ದುಂಡಾಗಿದ್ದರೆ ಹೊಸ ಕೀ ಬೇಕು. ಗೇರ್ ಕವರ್ ಎಲ್ಲಿ ಎಂದು ಕೇಳಿ. ಗೇರ್ ಮತ್ತು ತಿರುಗುವ ಶಾಫ್ಟಿನ ಹೊರಚಾಚಿದ ಬೋಲ್ಟ್, ಕೀಗಳಿಗೆ ಮುಚ್ಚಳವಿಲ್ಲದ ಮೆಷಿನ್ ಮಾರುವುದೇ ತಪ್ಪೆಂದು ಹಳೆಯ ಕಾಯ್ದೆಯ 26ನೇ ಕಲಮು ಹೇಳುತ್ತಿತ್ತು, ಮಾರುವವನಿಗೂ ಶಿಕ್ಷೆಯಿತ್ತು. ಇಷ್ಟು ಹೇಳಿದರೆ ಗೋದಾಮಿನ ಮೂಲೆಯಿಂದ ಕವರ್ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಬಾರದಿದ್ದರೆ ಹೊಸದು ಮಾಡಿಸಿ ಕೂರಿಸಿದ ಮೇಲೆಯೇ ಲಾರಿಗೆ ಏರಿಸಿ, ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.