ಮೂಡಿಗೆರೆ ಮಳೆಗೊಂದು ಕೋಳಿ ಸೂಪು

ಜುಲೈ ಮಳೆ ಹಿಡಿದರೆ ಮೂಡಿಗೆರೆಯಲ್ಲಿ ಬಟ್ಟೆ ಒಣಗುವುದಿಲ್ಲ, ನೆಗಡಿಯೂ ಬಿಡುವುದಿಲ್ಲ. ಆಗ ನಮ್ಮನೆಯಲ್ಲಿ ಈ ಸೂಪು.

ಮೂಳೆ ಸಮೇತ ಅರ್ಧ ಕೆಜಿ ನಾಟಿ ಕೋಳಿ, 2 ಲೀಟರ್ ನೀರು, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ತೋಟದ ಕಾಳುಮೆಣಸು, ಉಪ್ಪು. ಕುಕ್ಕರ್ ಬೇಡ. ನೊರೆ ತೆಗೆದು, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬಿಡಿ. ಜೋರಾಗಿ ಕುದಿಸಿದರೆ ರಸ ಕದಡುತ್ತದೆ. ಮಾಂಸ ಬಿಡಿಸಿ ವಾಪಸ್ ಹಾಕಿ.

ಈ ಸೂಪಿಗೆ ಪಾಸ್ತಾ ಎರಡು ಹಿಡಿ ಸಾಕು, ಬೇರೆ ಪಾತ್ರೆಯಲ್ಲೇ ಬೇಯಿಸಿ, ಬಡಿಸುವಾಗ ಬೆರೆಸಿ. ಒಮ್ಮೆ ಸೂಪಿಗೇ ಹಾಕಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ರಸವೆಲ್ಲ ಕುಡಿದು ಗಂಜಿಯಾಗಿ ಕೂತಿತ್ತು!

ನಿಂಬೆರಸ ಒಲೆ ಆರಿಸಿದ ಮೇಲೇ ಹಿಂಡಿ, ಕುದಿಸಿದರೆ ಘಮ ಹೋಗುತ್ತದೆ. ಗಜನಿಂಬೆ ಸಿಕ್ಕರೆ ಸಿಪ್ಪೆಯನ್ನೂ ಚೂರು ತುರಿಯಿರಿ. ಒಳಗಿನ ಬಿಳಿ ಭಾಗ ಬೇಡ, ಕಹಿ.